ಬೀಗರು ತಂದ ಪೆನ್‌ಡ್ರೈವ್

ಮನೆಯಲ್ಲಿರುವ ಕಂಪ್ಯೂಟರಿಗೆ ಆಂಟಿವೈರಸ್ ಯಾಕೆ ಬೇಕು, ಅದೇನು ಬ್ಯಾಂಕೇ ಎಂದು ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಉಳಿದವರು ಹೌದಲ್ಲ ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಊಟದ ಡಬ್ಬಿ ಮುಚ್ಚಿ ಎದ್ದು ಬಂದೆ. ಸಂಜೆ ಸಿಂದಗಿಯಿಂದ ಇಂಡಿಗೆ ಬರುವ ಬಸ್ಸಿನಲ್ಲಿ ಕೂತರೂ ಆ ಉರಿ ಆರಲಿಲ್ಲ.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಬ್ಯಾಂಕಿನದೇನೂ ಇರಲಿಲ್ಲ. ನನ್ನ ಅತ್ತೆಯ ಪದಗಳಿದ್ದವು. ಇಂಗಳೇಶ್ವರದ ಹೆಣ್ಣುಮಗಳು ಆಕೆ. ತವರಲ್ಲಿ ಜೋಳ ಬೀಸುತ್ತ ಕಲಿತ ಪದಗಳನ್ನು ಹಾಡತೊಡಗಿದರೆ ಓಣಿಯ ಹೆಂಗಸರು ಕೈಗೆಲಸ ಬಿಟ್ಟು ಬಂದು ಕೂರುತ್ತಿದ್ದರು. ಅವನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೆ. ಮುಂದೆ ಆ ಮೊಬೈಲು ಕೆಟ್ಟಿತು. ಅದರ ಹಿಂದೆಯೇ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು, ಬಲಗೈ ಬಿದ್ದಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಸಂಜೆ ನಾನು ಬಂದು ಪದ ಹಚ್ಚಿದರೆ, ತನ್ನದೇ ದನಿ ಕೇಳುತ್ತ ಎಡಗೈಯನ್ನು ತೊಡೆಯ ಮೇಲೆ ಮೆಲ್ಲಗೆ ಸುತ್ತ ತಿರುಗಿಸುವರು. ಬೀಸುವ ಕಲ್ಲು ಅಲ್ಲೇ ಇದೆಯೇನೋ ಅನ್ನಬೇಕು, ಹಾಗೆ.

ನನ್ನ ಯಜಮಾನರಿಗೆ ಕಂಪ್ಯೂಟರ್ ಅಂದರೆ ಪಡಸಾಲೆಯ ಹಾಸಿಗೆ ಇದ್ದ ಹಾಗೆ. ಬಂದವರೆಲ್ಲ ಕೂರಬೇಕು. ಪಾಸ್‌ವರ್ಡ್ ಹಾಕೋಣ ಎಂದರೆ ಮನೆಮಂದಿಗೆ ಕೀಲಿ ಹಾಕುವ ಬುದ್ಧಿ ನಿನಗೆ ಎಲ್ಲಿಂದ ಬಂತು ಎಂದು ನನ್ನನ್ನೇ ಬೈದರು. ಅಪ್‌ಡೇಟ್ ಕೇಳಿದಾಗಲೆಲ್ಲ ನಾಳೆ ನಾಳೆ ಎಂದು ಒತ್ತಿ ಮುಂದೂಡುತ್ತಿದ್ದರು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಆಂಟಿವೈರಸ್ ಒಂದು, ಯಾರೂ ಮುಟ್ಟದ್ದಕ್ಕೆ, ತನ್ನ ಪಾಡಿಗೆ ತಾನು ಕಾಯುತ್ತಿತ್ತು.

ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟೆವು. ಮದುವೆಯಾದ ಮೇಲೆ ಬೀಗರು ಮೊದಲ ಸಲ ಮನೆಗೆ ಬಂದಾಗ ಪೆನ್‌ಡ್ರೈವಿನಲ್ಲಿ ಮದುವೆಯ ವಿಡಿಯೋ ತುಂಬಿಸಿಕೊಂಡು ಬಂದರು. ಆ ಪೆನ್‌ಡ್ರೈವು ಮುದ್ದೇಬಿಹಾಳದ ಅವರ ನೆಂಟರ ಮನೆಗಳನ್ನೆಲ್ಲ ಸುತ್ತಿ, ಬಸವನ ಬಾಗೇವಾಡಿಯಲ್ಲಿರುವ ಬೀಗತಿಯ ತವರಿಗೂ ಹೋಗಿ ಬಂದದ್ದು. ಚುಚ್ಚಿದ ಕೂಡಲೇ ಪರದೆಯ ಮೇಲೆ ಕೆಂಪಕ್ಷರ ಬಂತು, ಕಂಪ್ಯೂಟರ್ ಕೂಗಿಕೊಂಡಿತು. ಏನದು ಎಂದು ಬೀಗರು ಕೇಳಿದರು. ಹಳೇ ಮಷಿನ್ನು, ಹಿಂಗೇ ಒದರತೈತಿ ಎಂದು ನಮ್ಮವರು ನಕ್ಕರು. ನಾನು ಯಜಮಾನರನ್ನು ಅಡುಗೆಮನೆಗೆ ಕರೆದೆ.

"ಆಂಟಿವೈರಸ್ ಬಂದ್ ಮಾಡಬ್ಯಾಡ್ರಿ. ಅತ್ತಿಯವರ ಪದ ಎಲ್ಲಾ ಈ ಕಂಪ್ಯೂಟರದಾಗೇ ಅದಾವು."

"ಬೀಗರು ತಂದಿದ್ದಕ್ಕ ರೋಗ ಐತಿ ಅಂತ ಅವರ ಮುಖಕ್ಕ ಹೇಳಲೇನು? ಮಗಳು ಆ ಮನ್ಯಾಗ ಬಾಳೇ ಮಾಡಬೇಕು."

ಹೊರಗೆ ಹೋಗಿ ಆಂಟಿವೈರಸ್ಸನ್ನೇ ಬಂದ್ ಮಾಡಿದರು. ಬೀಗರು ಕೊಟ್ಟ ಸೀರೆಯ ಬಣ್ಣ ಚೆಂದಿಲ್ಲ ಅನ್ನಬಾರದು, ಅವರು ತಂದ ಬುತ್ತಿಯಲ್ಲಿ ಕಲ್ಲು ಬಂದರೂ ನುಂಗಬೇಕು. ನಮ್ಮ ಕಡೆಯ ಈ ದೊಡ್ಡ ಮರ್ಯಾದೆ ಕಂಪ್ಯೂಟರಿಗೂ ಬಂತು ನೋಡಿ. ಎಲ್ಲರೂ ಶೇಂಗಾ ಹೋಳಿಗೆ ತಿನ್ನುತ್ತ ವಿಡಿಯೋ ನೋಡಿದರು.

ಮರುದಿನ ಒಂದು ಫೈಲೂ ತೆರೆಯಲಿಲ್ಲ. ದುಡ್ಡು ಕಟ್ಟಿದರೆ ಬಿಡುತ್ತೇವೆ ಎಂಬ ಇಂಗ್ಲಿಷ್ ಬರಹ ಮಾತ್ರ ಇತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿಯವರು ನೋಡಿ, ಎಲ್ಲ ಅಳಿಸಿ ಹೊಸದಾಗಿ ಹಾಕುವುದೊಂದೇ ದಾರಿ ಎಂದರು. ಸುದ್ದಿ ಮುಚ್ಚಿಟ್ಟು, ವಿಡಿಯೋ ಅಳಿಸಿಹೋಯಿತು ಎಂದಷ್ಟೇ ನಮ್ಮವರು ಬೀಗರಿಗೆ ಫೋನ್ ಮಾಡಿದರು. ಅಯ್ಯ, ಅದಕ್ಕ್ಯಾಕ ಚಿಂತಿ, ನಮ್ಮ ಕಡೆ ಇನ್ನೊಂದ ಐತಿ, ತರ್ತೇವಿ ಎಂದರಂತೆ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ನಮ್ಮ ಮನೆಯಲ್ಲಿ ತಿಂದವರೇ ಬೇರೆ, ಕುಡಿದವರೇ ಬೇರೆ.

ಅತ್ತೆಗೆ ಏನು ಹೇಳುವುದು? ಪದ ಸೋಲಾಪುರಕ್ಕೆ ರಿಪೇರಿಗೆ ಹೋಗಿವೆ, ಬರುತ್ತವೆ ಎಂದು ನಮ್ಮವರೇ ತಾಯಿಗೆ ಹೇಳಿದರು. ಆಕೆ ನಂಬಿದರು. ಸಂಜೆ ನನ್ನ ಚಪ್ಪಲಿಯ ಸಪ್ಪಳ ಕೇಳಿದೊಡನೆ ಬಾಗಿಲ ಕಡೆ ಮುಖ ಮಾಡಿ, ಬಂದವೇ ಎಂದು ಕಣ್ಣಲ್ಲೇ ಕೇಳುವರು. ಇನ್ನೂ ಇಲ್ಲ ಎಂದು ನಾನು ತಲೆಯಾಡಿಸುವೆ. ಈ ನಡುವೆ ನಮ್ಮವರು ಆಂಟಿವೈರಸ್ ಹಾಕಿಸಿದರು, ಪಾಸ್‌ವರ್ಡ್ ಇಟ್ಟರು, ಅಪ್‌ಡೇಟನ್ನೂ ತಪ್ಪದೆ ಮಾಡತೊಡಗಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಪಂಚಮಿಗೆ ಬೀಗರು ಮತ್ತೆ ಬಂದರು. ಚಹಾ ಕುಡಿಯುತ್ತ ಬೀಗತಿ ಅತ್ತೆಯ ಪಕ್ಕ ಕೂತು, ನಿಮ್ಮ ಪದದ ಬಗ್ಗೆ ನಮ್ಮ ಸೊಸೆ ಭಾಳ ಹೇಳ್ಯಾಳ, ಹಚ್ಚರಿ, ಕೇಳೂಣು ಎಂದರು. ಅತ್ತೆಯ ಮುಖ ಅರಳಿತು. ಕಂಪ್ಯೂಟರಿನ ಕಡೆ ತಿರುಗಿದರು. ತೊಡೆಯ ಮೇಲೆ ಎಡಗೈ ಮೆಲ್ಲಗೆ ಸುತ್ತತೊಡಗಿತು. ನಮ್ಮವರು ನೆಲ ನೋಡುತ್ತ, ರಿಪೇರಿಗೆ ಕೊಟ್ಟೈತ್ರಿ ಎಂದರು. ಕಣ್ಣೆದುರಿಗೇ ಇದ್ದ ಕಂಪ್ಯೂಟರನ್ನು!

ನನಗೆ ತಡೆಯಲಾಗಲಿಲ್ಲ.

"ಪದ ಹೋದುವ್ರಿ. ನೀವು ತಂದ ಪೆನ್‌ಡ್ರೈವ್‌ದಾಗ ವೈರಸ್ ಇತ್ರಿ. ಇನ್ನ ಬರೂದಿಲ್ಲ."

ಬೀಗರು ಕಪ್ಪು ಕೆಳಗಿಟ್ಟರು. ನಮ್ಮವರ ಮುಖ ಕಪ್ಪಿಟ್ಟಿತು. ಅವರೆಲ್ಲರ ತಲೆ ತಗ್ಗಿದ್ದನ್ನು ನಾನು ಕಣ್ತುಂಬ ನೋಡಿದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ. ಕೈ ನಿಂತಿತ್ತು. ಈಗ ಸಂಜೆ ನಾನು ಬಂದರೆ ಆಕೆ ಬಾಗಿಲ ಕಡೆ ನೋಡುವುದಿಲ್ಲ.