ಪಚ್ಚಕರ್ಪೂರದ ವಾಸನೆಯ ಮೇಕಪ್ ಪೆಟ್ಟಿಗೆ

ಇವತ್ತು ಬೆಳಗ್ಗೆ ಮೇಕಪ್ ಪೆಟ್ಟಿಗೆಯ ಮುಚ್ಚಳ ತೆಗೆದೆ ನೋಡಿ, ಪಚ್ಚಕರ್ಪೂರದ ವಾಸನೆ ಘಮ್ಮೆಂದು ಮೂಗಿಗೆ ಬಂತು. ಬೇರೆಯವರ ಪೆಟ್ಟಿಗೆ ತೆರೆದರೆ ಸೆಂಟಿನ ವಾಸನೆ ಬರುತ್ತದಂತೆ. ನನ್ನದು ತೆರೆದರೆ ತೀರ್ಥದ ಬಟ್ಟಲು ನೆನಪಾಗುತ್ತದೆ. ನಾವಿರುವ ಈ ತಮಿಳು ಊರಿನಲ್ಲಿ, ಕಣ್ಣು ಮುಚ್ಚಿ ಕೂತ ಎಷ್ಟೋ ಮದುವೆ ಹೆಣ್ಣುಗಳು, "ಆಂಟಿ, ಇದು ಎನ್ನ ಬ್ರ್ಯಾಂಡ್?" ಎಂದು ಕೇಳಿದ್ದಾರೆ. "ಅತ್ತೆ ಬ್ರ್ಯಾಂಡ್ ಕಣಮ್ಮ" ಎನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ತಮಾಷೆಯೇನಲ್ಲ. ಬಟ್ಟೆಯ ಪುಟ್ಟ ಗಂಟಿನಲ್ಲಿ ಕರ್ಪೂರ ಕಟ್ಟಿ ಪೆಟ್ಟಿಗೆಯ ಮೂಲೆಗೆ ಇಟ್ಟವರು ನಮ್ಮತ್ತೆಯೇ. ಒಂದು ಕಾಲಕ್ಕೆ ಇದೇ ಪೆಟ್ಟಿಗೆಯನ್ನು ಮನೆಯೊಳಗೆ ಬಿಟ್ಟುಕೊಳ್ಳದವರೂ ಅವರೇ.

ನಾನು ಮದುವೆ ಹೆಣ್ಣುಗಳಿಗೆ ಬಣ್ಣ ಹಚ್ಚುವವಳಾದೆ ಎಂದರೆ ನನಗೇ ಇನ್ನೂ ಪೂರ್ತಿ ನಂಬಿಕೆಯಿಲ್ಲ. ನನ್ನ ಮುಖ ಕಂಡದ್ದು ಅರಿಶಿನ, ಕುಂಕುಮ, ಅಪರೂಪಕ್ಕೆ ಪೌಡರು, ಇಷ್ಟೇ. ಆದರೆ ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶಕ್ಕೆ ಅಮ್ಮನವರ ಮುಖ ಕಟ್ಟುವುದು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನನ್ನ ಪಾಲಿನ ಕೆಲಸ. ಕಣ್ಣಿಗೆ ಕಾಡಿಗೆ ತೀಡುವುದು, ಮೂಗುತಿ ಸಿಕ್ಕಿಸುವುದು, ಹುಬ್ಬು ಬರೆಯುವುದು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಬಾಗಿಲಲ್ಲೇ ನಿಂತು, "ಮಾತಾಡೋ ಹಾಗಿದಾಳಲ್ಲೇ!" ಎಂದು ಬೆರಗಾಗುತ್ತಿದ್ದರು. ಮಗಳು ಕಾಲೇಜಿಗೆ ಹೋಗಲು ಶುರು ಮಾಡಿದ ಮೇಲೆ ಮಧ್ಯಾಹ್ನಗಳು ಉದ್ದವಾದವು. ಅವಳೇ ಒಂದು ದಿನ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಅಂದಳು: "ಅಮ್ಮಾ, ಸಾಮಿಗೇ ಮೇಕಪ್ ಪಣ್ಣುರೆ, ಮನುಷ್ಯರಿಗೆ ಮಾಡಕ್ಕಾಗಲ್ವಾ?"

ಸೇರಿದೆ. ಕೋಡಂಬಾಕ್ಕಂನಲ್ಲಿ ಒಬ್ಬಾಕೆ ಮಹಡಿಯ ಮೇಲೆ ಮೇಕಪ್ ಕ್ಲಾಸು ನಡೆಸುತ್ತಿದ್ದರು. "ವಾರಕ್ಕೆ ಎಷ್ಟು ದಿನ ಬರ್ತೀರಿ?" ಎಂದು ಕೇಳಿದರು. "ಏಕಾದಶಿ ದಿನ ಮಾತ್ರ" ಎಂದೆ. ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಾನೇನು ಮಾಡಲಿ? ನಮ್ಮ ಮನೆಯಲ್ಲಿ ಒಲೆಗೆ ರಜೆ ಸಿಗುವುದು ಏಕಾದಶಿಗೆ ಮಾತ್ರ. ದೇವರು ಉಪವಾಸ ಇಟ್ಟದ್ದು ನಮ್ಮ ಪುಣ್ಯಕ್ಕೆ ಎನ್ನುತ್ತಾರೆ. ನನಗೆ ಕ್ಲಾಸಿಗೆ ಹೋಗಲೂ ಒದಗಿತು. ಬೇರೆ ಹುಡುಗಿಯರು ಒಂದು ಬೇಸಗೆಯಲ್ಲಿ ಕಲಿತದ್ದನ್ನು ಕಲಿಯಲು ನನಗೆ ಎರಡು ದೀಪಾವಳಿ ಬೇಕಾದವು. ಅದೂ ಖಾಲಿ ಹೊಟ್ಟೆಯಲ್ಲಿ. ಈಗಿನ ತುಟಿಬಣ್ಣಗಳಿಗೆ ಹಣ್ಣಿನ ವಾಸನೆ ಬೇರೆ! ಸ್ಟ್ರಾಬೆರಿ ಘಮಲಿಗೆ ನನ್ನ ಹೊಟ್ಟೆ ಗುರ್ ಎಂದಾಗ ಪಕ್ಕದ ಹುಡುಗಿ ತಿರುಗಿ ನೋಡಿದ್ದುಂಟು.

ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಯಲ್ಲಿ ಪೆಟ್ಟಿಗೆ, ಬ್ರಷ್ಷು, ಬಣ್ಣ ಎಲ್ಲ ಕೊಂಡು ತಂದೆ. ಅತ್ತೆ ಒಂದು ಬ್ರಷ್ಷನ್ನು ದೂರದಿಂದಲೇ ನೋಡಿದರು.

"ಈ ಕೂದಲು ಯಾವ ಪ್ರಾಣೀದು?"

"ಪ್ರಾಣಿ ಅಲ್ಲತ್ತೆ, ಪ್ಲಾಸ್ಟಿಕ್ಕು. ಅಂಗಡಿಯವನು ಹೇಳ್ದ."

"ಅಂಗಡಿಯವನು ಹೇಳದೆ ಇನ್ನೇನು? ಅಳಿಲು ಅಂತಾನಾ? ಆಚೆ ಇಡು."

ಆಚೆ ಎಂದರೆ ಬಾಲ್ಕನಿ, ವಾಷಿಂಗ್ ಮಷೀನಿನ ಪಕ್ಕ. ಕಂಡವರ ಮುಖ ಮುಟ್ಟಿ ಬಂದ ಕೈಯಲ್ಲಿ ದೇವರ ಅಡುಗೆ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ. ಬೈಯಲಿಲ್ಲ, ಬೇಡವೆನ್ನಲೂ ಇಲ್ಲ. ಬರೀ ಸುಮ್ಮನಾದರು. ನಮ್ಮತ್ತೆ ಸುಮ್ಮನಾದರೆ ಮನೆಯಲ್ಲಿ ಫ್ಯಾನೂ ಮೆಲ್ಲಗೆ ತಿರುಗುತ್ತದೆ. ಅವರು ಬಾಯಿಬಿಟ್ಟು "ಹೋಗು" ಎನ್ನುವವರೆಗೆ ಈ ಪೆಟ್ಟಿಗೆ ಹಿಡಿದು ಯಾರ ಮನೆಗೂ ಹೋಗುವುದಿಲ್ಲ ಎಂದು ನಾನೂ ನಿಶ್ಚಯಿಸಿದೆ. ಕಲಿತದ್ದೆಲ್ಲ ಬಾಲ್ಕನಿಯಲ್ಲಿ ಧೂಳು ತಿನ್ನುತ್ತ ಕೂತಿತು. ಬಟ್ಟೆ ಒಣಗಿಸಲು ಹೋದಾಗಲೆಲ್ಲ ಅದರ ಕಡೆ ನೋಡಬಾರದು ಅಂದುಕೊಳ್ಳುತ್ತಿದ್ದೆ, ನೋಡಿಯೇ ಬರುತ್ತಿದ್ದೆ.

ಆಮೇಲೆ ಒಂದು ದ್ವಾದಶಿ ಬಂತು. ಹಿಂದಿನ ದಿನ ವೇಲಚೇರಿಯಲ್ಲಿ ಮಳೆ ಹುಯ್ದು, ನಮ್ಮ ಬೀದಿ ಎಂದಿನಂತೆ ಕೆರೆಯಾಗಿತ್ತು. ಬೆಳಗಾಗುತ್ತಿದ್ದಂತೆ ನಾನು ಮಡಿ ಸೀರೆಯುಟ್ಟು ಪಾರಣೆಗೆ ಅಡುಗೆ ಮಾಡುತ್ತಿದ್ದೆ. ಅತ್ತೆ ಹಿಂದಿನ ದಿನವಿಡೀ ಹನಿ ನೀರೂ ಕುಡಿಯದೆ ಉಪವಾಸವಿದ್ದವರು. ಹೊತ್ತು ಮೀರದಂತೆ ಅವರಿಗೆ ಬಡಿಸಬೇಕು. ಅಗಸೆ ಸೊಪ್ಪು ಬೇಯುತ್ತಿತ್ತು. ಆಗ ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ವತ್ಸಲ. ನಮ್ಮಂತೆಯೇ ಕನ್ನಡದವರು, ಅವಳ ಯಜಮಾನರು ರೈಲ್ವೆಯಲ್ಲಿದ್ದಾರೆ. ಅವತ್ತು ಅವಳ ಮಗಳು ರಂಜನಿಯ ಮದುವೆ, ಬೀದಿಯ ಕೊನೆಯ ಕಲ್ಯಾಣ ಮಂಟಪದಲ್ಲಿ.

"ಬ್ಯೂಟಿಷಿಯನ್ ನೀರಲ್ಲಿ ಸಿಕ್ಕಾಕ್ಕೊಂಡ್ಬಿಟ್ಟಿದಾಳೆ ಕಣ್ರೀ! ಬರಕ್ಕಾಗಲ್ಲ ಅಂತ ಫೋನು. ಹುಡುಗಿ ಒಂದೇ ಸಮನೆ ಅಳ್ತಿದಾಳೆ. ನೀವು ಕಲ್ತಿದೀರಲ್ಲ..."

ನಾನು ಸೌಟು ಹಿಡಿದು ನಿಂತೆ. ಹೋದರೆ ಮಡಿ ಹೋಯಿತು, ಪಾರಣೆಯೂ ತಡವಾಯಿತು. ಹೋಗದಿದ್ದರೆ ಮೇಲೆ ಒಂದು ಕೂಸು ಊದಿಕೊಂಡ ಕಣ್ಣಿನಲ್ಲೇ ಹಸೆಗೆ ಕೂರಬೇಕು. ಹಿಂದೆ ಅತ್ತೆ ಬಂದು ನಿಂತದ್ದು ಬಳೆ ಸದ್ದಿನಿಂದ ತಿಳಿಯಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

"ಸೌಟು ಇಲ್ಲಿ ಕೊಡು" ಎಂದರು. "ನೀನು ಹುಟ್ಟೋಕೆ ಮುಂಚಿಂದ ನಾನು ದ್ವಾದಶಿ ಅಡುಗೆ ಮಾಡಿದೀನಿ. ಹೋಗು."

ಆ "ಹೋಗು" ಕೇಳಿಯೂ ನಾನು ಸೌಟು ಬಿಡಲಿಲ್ಲ. "ಏನು ನಿಂತೆ? ನನ್ನ ಹೊಟ್ಟೆ ಕಾಯುತ್ತೆ, ಮುಹೂರ್ತ ಕಾಯಲ್ಲ" ಎಂದು ಸೌಟು ಕಿತ್ತುಕೊಂಡರು.

ಬಾಲ್ಕನಿಯಿಂದ ಪೆಟ್ಟಿಗೆ ಎತ್ತಿಕೊಂಡು, ಮಡಿ ಸೀರೆಯಲ್ಲೇ ಮೆಟ್ಟಿಲೇರಿದೆ. ಮುಂದಾದದ್ದನ್ನು ಹೇಳಿದರೆ ನೀವೂ ನಗುತ್ತೀರಿ, ನಗಿ. ಕೋಣೆಗೆ ಕಾಲಿಟ್ಟೆ. ಅಳುತ್ತಿದ್ದ ರಂಜನಿ "ಆಂಟಿ!" ಎಂದು ಎದ್ದು ಬಂದು ನನ್ನ ಕೈ ಹಿಡಿಯಲು ಹೋದಳು. ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಕೈ ಮೇಲೆತ್ತಿ, "ಮುಟ್ಟಬೇಡಮ್ಮಾ, ಮಡಿ!" ಎಂದು ಕೂಗಿದೆ.

ಮೇಕಪ್ ಮಾಡಲು ಬಂದವಳು ಮುಟ್ಟಬೇಡ ಎನ್ನುತ್ತಿದ್ದಾಳೆ! ರಂಜನಿ ಒಂದು ಗಳಿಗೆ ಕಣ್ಣರಳಿಸಿ ನೋಡಿದಳು. "ಅಪ್ಪೊ, ಹಾಗಾದ್ರೆ ರಿಮೋಟಲ್ಲಿ ಮೇಕಪ್ ಮಾಡ್ತೀರಾ ಆಂಟಿ?" ಎಂದು ನಗಲು ಶುರು ಮಾಡಿದವಳು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಳು. ವತ್ಸಲ ನಕ್ಕಳು, ನಾನೂ ನಕ್ಕೆ. ಆ ನಗುವಿನಲ್ಲಿ ಹುಡುಗಿಯ ಮುಖಕ್ಕೆ ಬಂದ ಕಳೆಯನ್ನು ಯಾವ ಡಬ್ಬಿಯಿಂದಲೂ ನಾನು ತೆಗೆದು ಹಚ್ಚಲಾರೆ. ಉಳಿದದ್ದನ್ನಷ್ಟೇ ನಾನು ಮಾಡಿದೆ. ಅಮ್ಮನವರ ಮುಖಕ್ಕೆ ಬರೆದು ರೂಢಿಯಾದ ಕೈ, ಕಣ್ಣು ಸ್ವಲ್ಪ ದೊಡ್ಡದೇ ಆಯಿತು. ಬಾಗಿಲಿನಿಂದಲೇ ಕಾಣುವಂತೆ.

ಬೀದಿಯಲ್ಲಿ ಕಾರು ಬರುವಂತಿರಲಿಲ್ಲ. ನೀರಿನ ಕ್ಯಾನು ತರುವ ಮೂರು ಚಕ್ರದ ಗಾಡಿಯ ಮೇಲೆ ಕುರ್ಚಿ ಇಟ್ಟು ಮದುವಣಗಿತ್ತಿಯನ್ನು ಕೂರಿಸಿದರು. ಅವಳ ತಮ್ಮ ಕೊಡೆ ಹಿಡಿದ. ಅಕ್ಕಪಕ್ಕದ ಬಾಲ್ಕನಿಗಳಿಂದೆಲ್ಲ ಚಪ್ಪಾಳೆ. ನಮ್ಮ ಬಾಲ್ಕನಿಗೆ ಪಾರಣೆ ಮುಗಿಸಿದ ಅತ್ತೆಯೂ ಬಂದು ನನ್ನ ಪಕ್ಕ ನಿಂತಿದ್ದರು. ಗಾಡಿ ಮರೆಯಾಗುವವರೆಗೂ ನೋಡಿ, "ಕಣ್ಣು ಲಕ್ಷಣವಾಗಿದೆ" ಎಂದರು. ನನಗೆ ಅಷ್ಟೇ ಸಾಕಿತ್ತು. ಮರುದಿನ ನೋಡುತ್ತೇನೆ, ಪೆಟ್ಟಿಗೆ ಮನೆಯೊಳಗೆ, ಗೋಡೆಯ ದೇವರ ಕ್ಯಾಲೆಂಡರಿನ ಕೆಳಗೆ, ಮಣೆಯ ಮೇಲಿದೆ. ಮುಚ್ಚಳ ತೆಗೆದರೆ ಮೂಲೆಯಲ್ಲಿ ಕರ್ಪೂರದ ಗಂಟು. "ಇರುವೆ ಬರದೇ ಇರಲಿ ಅಂತ" ಎಂದರು. ಪೌಡರಿಗೆ ಯಾವ ಇರುವೆ ಬರುತ್ತದೋ, ನಾನು ಕೇಳಲಿಲ್ಲ.

ಅಲ್ಲಿಂದ ಈಚೆಗೆ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಫೋನು ಬಂದರೆ ಪಂಚಾಂಗ ನೋಡಿ ಹೂಂ ಅನ್ನುವವರೂ ಉಹುಂ ಅನ್ನುವವರೂ ಅತ್ತೆಯೇ. ಸ್ವಾಮಿಯ ದಯೆ, ಮನೆಯಲ್ಲೇ ಮ್ಯಾನೇಜರು ಸಿಕ್ಕಿದ್ದಾರೆ.

ಇವತ್ತು ಪೆಟ್ಟಿಗೆ ತೆಗೆದದ್ದು ಮಾತ್ರ ಹೊರಗಿನವರಿಗಲ್ಲ. ಮಾವನವರಿಗೆ ಎಂಬತ್ತು ತುಂಬಿತು. ಇವತ್ತು ಶಾಂತಿ ಪೂಜೆ, ಅತ್ತೆಗೆ ಮತ್ತೆ ತಾಳಿ ಕಟ್ಟುತ್ತಾರೆ. ಅತ್ತೆ ರೇಷ್ಮೆಯುಟ್ಟು ಮಣೆಯ ಮೇಲೆ ಬಂದು ಕೂತರು. ನಾನೂ ಸ್ನಾನ ಮಾಡಿ ಮಡಿಯುಟ್ಟಿದ್ದೆ. ಆದರೂ ಕೈ ಹಿಂಜರಿಯಿತು.

"ಬ್ರಷ್ಷು ಅತ್ತೆ..." ಎಂದೆ.

"ಅದಕ್ಕೂ ತೀರ್ಥ ಪ್ರೋಕ್ಷಣೆ ಮಾಡಿದೀನಿ. ಅಳಿಲಾದ್ರೂ ಪರವಾಗಿಲ್ಲ, ರಾಮನ ಸೇವೆ ಮಾಡಿದ್ದೇ. ಮುಟ್ಟು."

ಗಲ್ಲ ಹಿಡಿದು ಮುಖ ಬೆಳಕಿನ ಕಡೆ ತಿರುಗಿಸಿದೆ. ಎಷ್ಟು ಮೃದು! ಇಷ್ಟು ವರ್ಷ ಹಬ್ಬಹರಿದಿನಕ್ಕೆಲ್ಲ ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೇನೆ. ಮುಖ ಮುಟ್ಟಿದ್ದು ಇದೇ ಮೊದಲು. ಬ್ರಷ್ಷಿಗೆ ಬಣ್ಣ ತೆಗೆದುಕೊಂಡೆ, ಅವರು ಒಂದು ಕಣ್ಣು ತೆರೆದರು.

"ತುಂಬ ಬಳೀಬೇಡ್ವೇ" ಎಂದರು. "ನಿಮ್ಮ ಮಾವನಿಗೆ ಗುರುತು ಸಿಗಬೇಕು."