ದುರುಗಕ್ಕ ಕಾದ ಬೇಲಿ

ನನ್ನ ಅಕ್ಕನ ಅತ್ತೆ ದುರುಗಕ್ಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಾನು ಹೇಳುವುದನ್ನು ನೆಂಟಸ್ತಿಕೆಯ ಮಾತು ಅಂದುಕೊಳ್ಳುತ್ತೀರಿ. ಎತ್ತರದ ಹೆಂಗಸು, ಒಣಕಲು ಮೈ, ಗಂಟಲು ಮಾತ್ರ ತಮಟೆ. ಮುಳ್ಳು ತಳ್ಳುವ ಕವೆಗೋಲು ಹಿಡಿದು ಹಟ್ಟಿಯ ಬಾಗಿಲಲ್ಲಿ ಕೂತಳೆಂದರೆ ಮೈಲಿಗೆಯ ನೊಣವೂ ಒಳಗೆ ನುಸುಳುವಂತಿರಲಿಲ್ಲ. ನಾನು ಹಿರಿಯೂರಿನಲ್ಲಿ ಖಾಸಗಿ ಬಸ್ಸೊಂದರ ಕಂಡಕ್ಟರ್. ಊರೂರಿನ ಜನರನ್ನೆಲ್ಲ ಮುಟ್ಟಿ ಬಂದವನೆಂದು ನನ್ನನ್ನು ದೂರದಲ್ಲೇ ನಿಲ್ಲಿಸಿ, ತಲೆಯ ಮೇಲೆ ನೀರು ಸುರಿದುಕೊಂಡ ಮೇಲೆಯೇ ಒಳಗೆ ಬಿಡುತ್ತಿದ್ದಳು. ಮಾಗಿ ಚಳಿಯಲ್ಲೂ ಅಷ್ಟೆ.

ಅವರ ಹಟ್ಟಿ ಆದಿವಾಲದ ಕಡೆಯಿಂದ ನಾಲೆ ದಾಟಿ ಕಲ್ಲುಗುಡ್ಡದತ್ತ ಏರಿದರೆ ಸಿಗುತ್ತದೆ. ನಾಲೆಯ ಕೆಳಗೆ ಕಬ್ಬು, ಭತ್ತ, ಬಾಳೆ. ನಾಲೆಯ ಮೇಲೆ ಕಲ್ಲು, ಕುರಿ, ಜಾಲಿ. ನೀರು ತಗ್ಗಿಗೆ ಹರಿಯುತ್ತದೆ, ನಮ್ಮವರು ಮಾತ್ರ ಏರು ಹುಡುಕಿ ಹೋಗಿ ಕೂತರು. ದುರ್ಗದ ಪಾಳೇಗಾರರ ಕಾಲದಲ್ಲಿ ಹಿರಿಯರು ದನ ಹೊಡೆದುಕೊಂಡು ಬಂದು ಅಲ್ಲಿ ನಿಂತರಂತೆ. ದುರುಗಕ್ಕ ಅದನ್ನು ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು. "ಮೊದ್ಲು ಮುಳ್ಳು ಸುತ್ತಿದ್ರು, ಆಮೇಲೆ ದೇವರನ್ನ ಕುಂದ್ರಿಸಿದ್ರು, ಮನೆ ಕಟ್ಟಿದ್ದು ಕಡೇಗೆ. ಬೇಲಿ ಇಲ್ಲಾಂದ್ರೆ ಹಟ್ಟಿ ಇಲ್ಲ ಕಣಪ್ಪ."

ಸುತ್ತಲಿನ ಕಾವಲು, ಅಂದರೆ ಜಾಲಿ ಬೆಳೆದ ಹುಲ್ಲುಗಾವಲು, ನಾನು ಚಿಕ್ಕವನಿದ್ದಾಗ ಕಣ್ಣು ಹೋದಷ್ಟು ದೂರ ಹಬ್ಬಿತ್ತು. ಎಪ್ಪತ್ತರ ದಶಕ ಕಾಲಿಡುವ ಹೊತ್ತಿಗೆ ಟ್ರಾಕ್ಟರ್ ಬಂತು, ಅದರ ಹಿಂದೆ ಶೇಂಗಾ ಬಂತು. ಜಾಲಿಯನ್ನು ಕಡಿದು ಹೊಸ ಹೊಲಗಳಿಗೆ ಬೇಲಿ ಹಾಕಿದರು, ಮಿಕ್ಕಿದ್ದನ್ನು ಸುಟ್ಟು ಇದ್ದಲು ಮಾಡಿ ಪೇಟೆಗೆ ಸಾಗಿಸಿದರು. ಮೊಲ ಹೋಯಿತು, ಜಿಂಕೆ ಹೋಯಿತು. ತೋಳ ಮಾತ್ರ ಹೋಗಲಿಲ್ಲ. ಅದಕ್ಕೆ ಹೊಟ್ಟೆ ಇತ್ತು, ತಿನ್ನಲು ಏನೂ ಇರಲಿಲ್ಲ.

ಹಟ್ಟಿಯ ಕಟ್ಟಳೆಯೊಂದನ್ನು ಇಲ್ಲಿ ಹೇಳಲೇಬೇಕು. ಹೆರಿಗೆಯಾದವಳು ಕೂಸಿನೊಂದಿಗೆ ಬೇಲಿಯ ಹೊರಗೆ, ಕೂಗಿದರೆ ಕೇಳುವಷ್ಟು ದೂರದ ಒಂದು ಗುಡ್ಲಲ್ಲಿ, ಪುಟ್ಟ ಗುಡಿಸಲಲ್ಲಿ, ತಿಂಗಳುಗಟ್ಟಲೆ ಇರಬೇಕು. ಅನ್ನವನ್ನು ದೂರದ ಕಲ್ಲಿನ ಮೇಲೆ ಇಟ್ಟು ಬರುತ್ತಾರೆ. ಯಾರೂ ಅವಳನ್ನು ಮುಟ್ಟುವಂತಿಲ್ಲ. ಮುಟ್ಟಿದವರು ಅವಳಂತೆಯೇ ಹೊರಗಿನವರಾಗುತ್ತಾರೆ, ಅವರು ಮುಟ್ಟಿದ ವಸ್ತುವೂ ಒಳಗೆ ಬರುವಂತಿಲ್ಲ. ಇದನ್ನು ಮೀರಿದರೆ ಕುರಿ ಸಾಯುತ್ತವೆ, ಕುರಿ ಹಿಂದೆ ಹೋದ ಗಂಡ ತಿರುಗಿ ಬರುವುದಿಲ್ಲ ಎಂಬ ಹೆದರಿಕೆ. ದುರುಗಕ್ಕ ತನ್ನ ಮಕ್ಕಳನ್ನೆಲ್ಲ ಆ ಗುಡ್ಲಲ್ಲೇ ಹೆತ್ತವಳು. ಚೊಚ್ಚಲ ಗಂಡುಕೂಸು ಅಲ್ಲೇ ತೀರಿಹೋಗಿತ್ತು. ಕೇಳಿದವರಿಗೆ "ಜ್ವರ ಬಂದು ಹೋತು" ಅನ್ನುತ್ತಿದ್ದಳು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ತುರ್ತು ಪರಿಸ್ಥಿತಿ ಬರುವುದಕ್ಕೆ ಹಿಂದಿನ ವರ್ಷ, ದೀಪಾವಳಿ ಕಳೆದ ಮೇಲೆ, ನನ್ನ ಅಕ್ಕ ಚಂದ್ರಕ್ಕ ಆ ಗುಡ್ಲಿಗೆ ಹೋದಳು. ಹೆಣ್ಣುಕೂಸು ಹುಟ್ಟಿತು. ಅವಳ ಗಂಡ ಕಾಟಪ್ಪ ಹಟ್ಟಿಯ ಗಟ್ಟಿ ಗಂಡಸರೊಂದಿಗೆ ಕುರಿ ಹೊಡೆದುಕೊಂಡು ತಾಳ್ಯದ ಕಡೆ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಲು ಹೋಗಿದ್ದ. ಹಟ್ಟಿಯಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು ಮತ್ತು ಪೂಜಾರಿ ಚಿಕ್ಕತಿಮ್ಮಪ್ಪ. ಈತ ದುರುಗಕ್ಕನ ಮೈದುನ. ಆ ವರ್ಷ ಬೇಲಿಗೆ ಹೊಸ ಮುಳ್ಳು ಹಾಕಿರಲಿಲ್ಲ. ಹಾಕಲು ಜಾಲಿ ಎಲ್ಲಿತ್ತು? ಹಳೆಯ ಮುಳ್ಳನ್ನೇ ಒತ್ತಿ, ಎಳೆದು, ತೇಪೆ ಹಾಕಿದ್ದರು.

ಮೊದಲು ಕುರಿ ರೊಪ್ಪದ ಹಿಂದೆ ಕಟ್ಟಿದ್ದ ಒಂದು ಮರಿ ತೋಳನ ಪಾಲಾಯಿತು. ಆಮೇಲೆ ನಾಲೆ ಏರಿಯ ಮೇಲೆ ಬಿಡಾರ ಹೂಡಿದ್ದ ಕೂಲಿಯವರ ಕೂಸೊಂದು ಹೋಯಿತು. ಅದರ ತಾಯಿ ಕಬ್ಬಿನ ಗದ್ದೆಗಳ ಸಾಲಿನಲ್ಲಿ ಕೂಗಿಕೊಂಡು ಓಡಾಡಿದ್ದನ್ನು ನನ್ನ ಬಸ್ಸಿನ ಜನರೆಲ್ಲ ಕಿಟಕಿಯಿಂದ ನೋಡಿದರು. ನಾನೂ ನೋಡಿದೆ. ಆ ವಾರವೇ ರಜೆ ಹಾಕಿ ಹಟ್ಟಿಗೆ ಹೋದೆ.

ಗುಡ್ಲಿಗೂ ಬೇಲಿಗೂ ನಡುವಿನ ಮೆತ್ತನೆಯ ಮಣ್ಣಿನಲ್ಲಿ ಹೆಜ್ಜೆಗಳಿದ್ದವು. ನಾಯಿಯ ಹೆಜ್ಜೆಗಿಂತ ದೊಡ್ಡವು, ನೇರವಾಗಿ ಒಂದರ ಮುಂದೊಂದು. ದೂರದಲ್ಲಿ ನಿಂತು ಅಕ್ಕನನ್ನು ಮಾತಾಡಿಸಿದೆ. ಕೂಸನ್ನು ಎದೆಗೆ ಅವಚಿಕೊಂಡಿದ್ದಳು. ಕಣ್ಣು ಗುಳಿ ಬಿದ್ದಿದ್ದವು.

"ನಿನ್ನೆ ಹೊತ್ತು ಮುಳುಗೋ ಹೊತ್ನಾಗೆ ನಾಯಿಗಳೆಲ್ಲ ಸುಮ್ನಾಗಿಬಿಟ್ವು ಕಣೋ ಮೂರ್ತಪ್ಪ," ಎಂದಳು. ನಾಯಿ ಬೊಗಳಿದರೆ ನಮ್ಮ ಜನಕ್ಕೆ ಭಯವಿಲ್ಲ. ಸುಮ್ಮನಾದರೆ ಭಯ.

"ಬಾರಕ್ಕ, ಹಿರಿಯೂರಿಗೆ ಹೋಗಾಣ. ನನ್ನ ರೂಮೈತೆ."

"ಬ್ಯಾಡ ಕಣೋ. ನಾನು ನೇಮ ತಪ್ಪಿ ಅಲ್ಲಿ ಅವರಿಗೇನಾದ್ರೂ ಆದ್ರೆ?" ಗಂಡನ ಹೆಸರು ಹೇಳದೆ ತಾಳ್ಯದ ದಿಕ್ಕಿಗೆ ನೋಡಿದಳು. "ಕೂಸನ್ನಾದ್ರೂ ಬೇಲಿ ಒಳಗೆ ತಗಳ್ರಿ, ನಾನು ಹೊರಗೇ ಇರ್ತೀನಿ ಅಂತ ಅತ್ತೆಗೆ ಕೇಳಿದೆ. ಆಗಲ್ಲ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಬಾಗಿಲಿಗೆ ಹೋಗಿ ದುರುಗಕ್ಕನ ಮೇಲೆ ಎಗರಾಡಿದೆ. "ಅತ್ತೆ, ಹೆಜ್ಜೆ ನೋಡಿದ್ರಾ ಇಲ್ವಾ? ಮನುಷ್ಯರೇನ್ರಿ ನೀವು?"

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಹೆಜ್ಜೆ ನೀನು ಇವತ್ತು ನೋಡ್ದೆ. ನಾನು ಮೂರು ದಿನದಿಂದ ನೋಡ್ತಾ ಇದೀನಿ," ಎಂದಳು. ಆಮೇಲೆ ಪೂಜಾರಿಯ ಕಡೆ ತಿರುಗಿದಳು. "ಚಿಕ್ಕತಿಮ್ಮ, ಇನ್ನೊಂದ್ಸಲ ಕೇಳ್ತೀನಿ. ಗುಡ್ಲ ಸುತ್ತ ಹಾಕಕ್ಕೆ ಒಂದೀಟು ಮುಳ್ಳು ಕೊಡಪ್ಪ."

"ಎಲ್ಲಿಂದ ತರ್ಲಿ ಅತ್ತಿಗೆ? ಇರೋ ಬೇಲಿನೇ ತೆಳ್ಳಗೈತೆ. ಒಳಗೆ ಎಷ್ಟು ಮಕ್ಕಳು, ಮರಿ ಅವೆ. ಅವುನ್ನ ನೋಡಬ್ಯಾಡ್ವಾ?"

ಅವನ ಮಾತೂ ಸುಳ್ಳಲ್ಲ, ಅದೇ ಕಷ್ಟ. ಆದಿವಾಲದಲ್ಲಿ ಕೋವಿ ಇದ್ದ ಜಂಪಣ್ಣನನ್ನು ಕರೆತರುತ್ತೇನೆಂದು ನಾನು ಹೊರಟೆ. ಅವನು ಊರಲ್ಲಿರಲಿಲ್ಲ, ಹೊಸದುರ್ಗಕ್ಕೆ ಹೋಗಿದ್ದ. ಅವನು ಸಿಕ್ಕಿ ನಾವಿಬ್ಬರೂ ಹಟ್ಟಿ ಸೇರುವಷ್ಟರಲ್ಲಿ ಎರಡು ರಾತ್ರಿ, ಒಂದು ಹಗಲು ಕಳೆದಿತ್ತು. ಆ ನಡುವೆ ನಡೆದದ್ದನ್ನು ಅಕ್ಕ ಹೇಳಿದಂತೆ ಹೇಳುತ್ತೇನೆ.

ಮಾರನೆಯ ದಿನ ಮಧ್ಯಾಹ್ನ, ಎಲ್ಲರ ಕಣ್ಣೆದುರಿಗೆ, ದುರುಗಕ್ಕ ಬಾಗಿಲು ದಾಟಿ ಗುಡ್ಲಿಗೆ ನಡೆದಳಂತೆ. ಅನ್ನ ಇಡುವ ಕಲ್ಲನ್ನೂ ದಾಟಿದಳು. ಒಳಗೆ ಬಗ್ಗಿ ಕೂಸನ್ನು ಎತ್ತಿಕೊಂಡಳು, ಕೆನ್ನೆಗೆ ಕೆನ್ನೆ ಒತ್ತಿದಳು, ಮತ್ತೆ ಸೊಸೆಯ ಮಡಿಲಿಗೆ ಹಾಕಿದಳು. ಬೇಲಿಯ ಒಳಗಿನ ಹೆಂಗಸರು ಹೋ ಎಂದು ಕೂಗಿಕೊಂಡರು. ಹಟ್ಟಿಯ ಮಡಿಯನ್ನು ಹಗಲಿರುಳು ಕಾದವಳೇ ಮೈಲಿಗೆಯಾಗಿ ನಿಂತಿದ್ದಳು.

ಅಲ್ಲಿಂದ ನೇರ ಬೇಲಿಗೆ ಬಂದಳು. ಕವೆಗೋಲು ಚುಚ್ಚಿ, ಹಟ್ಟಿಯ ಮುಳ್ಳನ್ನೇ ಎಳೆಯತೊಡಗಿದಳು.

ಚಿಕ್ಕತಿಮ್ಮಪ್ಪ ಓಡಿ ಬಂದವನು ಮಾರು ದೂರದಲ್ಲಿ ಗಕ್ಕನೆ ನಿಂತ. ಹಿಡಿದು ತಡೆಯಬೇಕೆಂದರೆ ಮುಟ್ಟಬೇಕು. ಮುಟ್ಟಿದರೆ ಅವನೂ ಹೊರಗೆ, ದೇವರಿಗೆ ದೀಪ ಹಚ್ಚುವವರು ಯಾರು? ಅವಳು ಮುಟ್ಟಿದ ಮುಳ್ಳನ್ನು ಕಿತ್ತುಕೊಳ್ಳುವಂತೆಯೂ ಇಲ್ಲ. ಇಷ್ಟು ಕಾಲ ಅವಳೇ ಕಾಯ್ದುಕೊಂಡು ಬಂದ ಕಟ್ಟಳೆ ಈಗ ಅವಳನ್ನು ಕಾಯುತ್ತಿತ್ತು.

"ಅತ್ತಿಗೆ, ತಲೆ ಕೆಟ್ಟೈತಾ? ಹಟ್ಟಿ ಬಾಯಿ ಬಿಟ್ಕಂಡು ನಿಂತೈತೆ! ನೇಮ ಅನ್ನೋದೇ ಇಲ್ವಾ?"

"ನೇಮ ದೇವ್ರುದು. ಅದ್ರಂಗೇ ಹೊರಗೆ ನಿಂತಿದೀನಿ," ಎಂದಳು ದುರುಗಕ್ಕ, ಮುಳ್ಳು ಎಳೆಯುವುದನ್ನು ಬಿಡದೆ. "ಬೇಲಿ ನಮ್ದು. ಇವತ್ತು ನೀವೂ ಎದ್ದು ಕುಂತ್ಕಳ್ರಿ. ಬಾಯಿ ಬಿಟ್ಕಂಡಿರೋ ಮನೆಯಾಗೆ ಹೆಂಗೆ ನಿದ್ದೆ ಬರ್ತೈತೆ, ನೋಡ್ಕಳ್ರಿ."

ಮುಳ್ಳು ಹಳೆಯದು, ಅರ್ಧ ಕೈಯಲ್ಲೇ ಪುಡಿಯಾಯಿತು. ಸಂಜೆ ಬಿಸಿಲು ಗುಡ್ಡದ ನೆತ್ತಿಗೆ ಏರುವ ಹೊತ್ತಿಗೆ ಗುಡ್ಲಿನ ಸುತ್ತ ಬೇಲಿ ಬಂದು, ಬಾಗಿಲ ಬಳಿ ಒಂದು ಆಳು ಕೂರುವಷ್ಟು ಜಾಗ ಮಾತ್ರ ಉಳಿದಿತ್ತು. ದುರುಗಕ್ಕ ಅಲ್ಲಿ ಕಂಬಳಿ ಹೊದ್ದು ಕೂತಳು. ಅಂಗೈ, ಮೊಣಕೈಗಳಿಂದ ರಕ್ತ ಜಿನುಗುತ್ತಿತ್ತು. ಅತ್ತ ಹಟ್ಟಿಯ ಸಂದಿಗೆ ಗಾಡಿ, ಮಂಚ, ಒರಳುಕಲ್ಲು ಅಡ್ಡ ಇಟ್ಟು, ಬೆಂಕಿ ಹಾಕಿ, ಎಲ್ಲರೂ ಎದ್ದು ಕೂತಿದ್ದರು.

"ಅತ್ತೆ, ಒಳಗೆ ಬರ್ರಿ. ಹೆಂಗೂ ಮುಟ್ಟೀರಲ್ಲ," ಎಂದಳು ಅಕ್ಕ.

ದುರುಗಕ್ಕ ಕದಲಲಿಲ್ಲ. ಹೊರಗೆ ನೋಡುತ್ತಲೇ ಹೇಳಿದಳು. "ಕಾಟಪ್ಪನಿಗಿಂತ ಮುಂಚೆ ಒಬ್ಬ ಇದ್ದ ಕಣವ್ವ."

"ಗೊತ್ತು ಅತ್ತೆ. ಜ್ವರ ಬಂದು..."

"ಜ್ವರ ಅಲ್ಲ."

ಅಕ್ಕ ಬಾಗಿಲ ಬಳಿಗೆ ಸರಿದಳಂತೆ.

"ಇನ್ನೂ ಬೆಳಕಿತ್ತು. ಬೂದಿ ಚೆಲ್ಲಕ್ಕೆ ಅಂತ ಆ ಬಂಡೆತನಕ ಹೋಗಿದ್ದೆ. ತಿರುಗೋ ಹೊತ್ತಿಗೆ ಕಂಬಳಿ ಮಾತ್ರ ಇತ್ತು. ನಮ್ಮತ್ತೆ ಬೇಲಿ ಒಳಗೆ ನಿಂತು ನೋಡಿದ್ರು. ನಾನು ಕೂಗಿದೆ, ಬಾಗಿಲು ತೆಗೀಲಿಲ್ಲ. ಬೆಳಗ್ಗೆ ಅವರೇ ಎಲ್ಲರಿಗೂ ಜ್ವರ ಅಂದ್ರು. ನಾನೂ ಹಂಗೇ ಅಂದೆ."

"ಯಾಕತ್ತೆ?"

"ತೋಳ ಅಂದ್ರೆ, ದೇವ್ರು ಕಾಯ್ಲಿಲ್ಲ ಅಂದಂಗಲ್ವೇನವ್ವ? ಅದನ್ನ ಅನ್ನಕ್ಕೆ ಯಾರಿಗೆ ಬಾಯಿ ಬರ್ತೈತೆ?"

ಆಗ ನಾಯಿಗಳು ಸುಮ್ಮನಾದವು.

ಅದು ಓಡಿ ಬರಲಿಲ್ಲವಂತೆ, ನಡೆದು ಬಂತಂತೆ. ದಾರಿ ಗೊತ್ತಿದ್ದವರ ಹಾಗೆ ಬಂಡೆಯನ್ನು ಬಳಸಿ, ಗುಡ್ಲಿನ ಬೇಲಿಗೆ ಒಂದು ಸುತ್ತು ಹಾಕಿ, ದುರುಗಕ್ಕ ಕೂತಿದ್ದ ಸಂದಿಯ ಎದುರಿಗೆ ನಿಂತಿತು. ಬೇಲಿಯ ಒಳಗೆ ಎದ್ದು ಕೂತಿದ್ದ ಹಟ್ಟಿಯೆಲ್ಲ ಅದನ್ನು ಕಂಡಿತು. ದುರುಗಕ್ಕ ಕವೆಗೋಲು ಮುಂದೆ ಚಾಚಿದಳು. ಅದು ಕೋಲಿನ ಕೆಳಗೆ ನುಗ್ಗಿ ಅವಳ ಎಡಗೈಯನ್ನು ಕಚ್ಚಿ ಹಿಡಿಯಿತು. ಅವಳು ಕೈ ಬಿಡಿಸಿಕೊಳ್ಳಲು ನೋಡಲಿಲ್ಲ, ಬಲಗೈಯಲ್ಲಿ ಕಂಬಳಿಯನ್ನು ಅದರ ತಲೆಯ ಮೇಲೆ ಎಳೆದು ಮೈಭಾರವನ್ನೆಲ್ಲ ಮೇಲೆ ಹಾಕಿದಳು. ಚಿಕ್ಕತಿಮ್ಮಪ್ಪ ಉರಿಯುವ ಕೊಳ್ಳಿ ಹಿಡಿದು ಗಾಡಿಯ ಮೇಲಿಂದ ಹೊರಗೆ ಹಾರಿದ. ಅನ್ನದ ಕಲ್ಲಿನ ತನಕ ಓಡಿ ಬಂದು, ಅಲ್ಲಿಂದ ಕೊಳ್ಳಿ ಎಸೆದ. ಕಲ್ಲು ದಾಟಲಿಲ್ಲ. ತೋಳ ಕೈ ಬಿಟ್ಟು ಕತ್ತಲೆಗೆ ಸೇರಿತು. ಕೂಸು ಎಚ್ಚರವಾಗಲೂ ಇಲ್ಲ.

ನಾವು ಹೋದಾಗ ದುರುಗಕ್ಕ ಅದೇ ಜಾಗದಲ್ಲಿ ಕೂತಿದ್ದಳು. ಅಕ್ಕ ಅವಳ ಕೈಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಳು. ಜಂಪಣ್ಣ ಕೋವಿ ಹಿಡಿದು ಗುಡ್ಡವೆಲ್ಲ ಅಲೆದ, ಏನೂ ಸಿಗಲಿಲ್ಲ. ಆಸ್ಪತ್ರೆಗೆ ಬನ್ನಿ ಎಂದರೆ ಅವಳು ಹಟ ಮಾಡಲಿಲ್ಲ. "ಹೆಂಗೂ ಮೈಲಿಗೆ ಆಗೀನಿ, ನಿನ್ನ ಬಸ್ಸೂ ಒಂದು ಹತ್ತಿಬಿಡ್ತೀನಿ ನಡಿಯಪ್ಪ," ಎಂದಳು. ಹಿರಿಯೂರಿನಲ್ಲಿ ಹುಚ್ಚು ಹಿಡಿಯದಂತೆ ಹೊಟ್ಟೆಗೆ ಸೂಜಿ ಹಾಕಿಸಿಕೊಂಡು ಪ್ರತಿದಿನ ಸಂಜೆಯೊಳಗೆ ಗುಡ್ಲಿಗೆ ಮರಳುತ್ತಿದ್ದಳು. ನಾನು ಟಿಕೆಟ್ ಕೇಳಲಿಲ್ಲ. ಅವಳ ಮೇಲಿನ ನನ್ನ ಸಿಟ್ಟು ಆ ಬಸ್ಸಿನಲ್ಲೇ ಎಲ್ಲೋ ಇಳಿದುಹೋಯಿತು.

ಅವಧಿ ಮುಗಿದು ಪೂಜೆಯಾದ ಮೇಲೆ ಅತ್ತೆ, ಸೊಸೆ, ಕೂಸು ಮೂವರೂ ಒಳಗೆ ಬಂದರು. ಮರುವರ್ಷ ಕಾಟಪ್ಪ ಮತ್ತು ಗಂಡಸರು ಎಲ್ಲೆಲ್ಲಿಂದಲೋ ಗಾಡಿಗಟ್ಟಲೆ ಮುಳ್ಳು ತಂದು, ಗುಡ್ಲನ್ನೂ ಬಳಸಿ ಬೇಲಿ ಹಾಕಿದರು. ಗುಡ್ಲಿಗೂ ಹಟ್ಟಿಗೂ ನಡುವೆ ಒಂದು ಸಾಲು ಕಲ್ಲು ಜೋಡಿಸಿದರು. ಕಟ್ಟಳೆ ಹಾಗೇ ಉಳಿಯಿತು. ಬಾಣಂತಿಯರು ಈಗಲೂ ಕಲ್ಲಿನಾಚೆ ಚಳಿಯಲ್ಲಿ ಒಬ್ಬರೇ ಮಲಗುತ್ತಾರೆ. ದುರುಗಕ್ಕ ಮತ್ತೆ ಬಾಗಿಲಲ್ಲಿ ಕೂತು ಎಲ್ಲರ ತಲೆಗೂ ನೀರು ಸುರಿಸತೊಡಗಿದಳು. ನನ್ನ ತಲೆಗೂ. ಇದು ನನಗೆ ಇಂದಿಗೂ ನುಂಗಲಾರದ ತುತ್ತು.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಒಂದು ಸಂಜೆ ಹೋಗಿದ್ದೆ. ಗುಡ್ಲಲ್ಲಿ ಬೇರೊಬ್ಬ ಬಾಣಂತಿ ಇದ್ದಳು. ದುರುಗಕ್ಕ ಬಾಗಿಲು ಬಿಟ್ಟು, ಗುಡ್ಲಿಗೆ ಹತ್ತಿರದ ಬೇಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಸೊಟ್ಟಗಾದ ಎಡಗೈ ಮಡಿಲಲ್ಲಿತ್ತು. ಅಕ್ಕನ ಮಗಳು ಪಕ್ಕದಲ್ಲಿ ಕಲ್ಲಾಡುತ್ತಿದ್ದಳು. ಹಟ್ಟಿಯ ಹೆಂಗಸರು ಅತ್ತಿತ್ತ ಓಡಾಡುತ್ತಿದ್ದರು. ತಡೆಯಲಾರದೆ ಕೇಳಿದೆ.

"ಅತ್ತೆ, ನಿಮ್ಮ ಚೊಚ್ಚಲು ಕೂಸು..."

ಅವಳು ಓಡಾಡುವ ಹೆಂಗಸರನ್ನು ಒಮ್ಮೆ ನೋಡಿದಳು.

"ಜ್ವರ ಬಂದು ಹೋತು ಕಣಪ್ಪ," ಎಂದಳು. ಹಾಗೆಂದವಳು ಮೊಮ್ಮಗಳ ರಟ್ಟೆ ಹಿಡಿದು ಹತ್ತಿರ ಎಳೆದುಕೊಂಡು, ಬಂಡೆಯ ಕಡೆಗೇ ನೋಡುತ್ತ ಕೂತಳು. ಇನ್ನೂ ಬೆಳಕಿತ್ತು.