ತಕ್ಕಡಿ ಭಾವನ ಏಸಿ

ನನ್ನ ಅಕ್ಕನ ಗಂಡನಿಗೆ ತಕ್ಕಡಿ ರಿಪೇರಿ ಮಾಡುವ ಕೆಲಸ. ಅಂಗಡಿಯವರು ತಂದಿಟ್ಟ ತಕ್ಕಡಿಗಳ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂತು, ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ನಿಲ್ಲುವ ತನಕ ತಿರುಪು ತಿರುಗಿಸುತ್ತಾರೆ. ಅದಕ್ಕೇ ಮನೆಯ ಹೆಂಗಸರೆಲ್ಲ ಸೇರಿ ಅವರಿಗೆ ತಕ್ಕಡಿ ಭಾವ ಎಂದು ಹೆಸರಿಟ್ಟಿದ್ದೇವೆ. ಅವರಿಗೂ ಗೊತ್ತು, ಕರೆದರೆ ಓ ಎನ್ನುತ್ತಾರೆ.

ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೈಯುವುದಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ದಿನವಿಡೀ ಕೂರುವವಳಿಗೆ ಕೋಪ ಬರದೆ ಇನ್ನೇನು ಬಂದೀತು.

ಭಾವನ ದೋಷ ಒಂದೇ. ಅವರ ಕೈ ಸುಮ್ಮನಿರುವುದಿಲ್ಲ. ಚೆನ್ನಾಗಿ ಮುಚ್ಚುತ್ತಿದ್ದ ಬಚ್ಚಲ ಬಾಗಿಲನ್ನು ಇನ್ನೂ ಚೆನ್ನಾಗಿ ಮುಚ್ಚಿಸಲು ಹೋದರು. ಆಮೇಲೆ ಬಹಳ ದಿನ ಅಕ್ಕ ಬಾಗಿಲಿಗೆ ಬಕೆಟ್ ಅಡ್ಡ ಇಟ್ಟುಕೊಂಡೇ ಸ್ನಾನ ಮಾಡಿದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಆ ಜಾತಿ. ಆದರೆ ಅಪ್ಪ ತೀರಿಕೊಂಡ ಮೇಲೆ, ನನ್ನ ಒಂಟಿ ಕೋಣೆಯ ಮನೆ ನೋಡಿ, "ಅತ್ತೆ ನಮ್ಮ ಮನೇಲಿರ್ಲಿ, ಅಲ್ಲಿ ಗಾಳಿ ಬರುತ್ತೆ" ಎಂದು ಅಮ್ಮನ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಹೋದವರೂ ಅವರೇ. ಹಾಲಿನ ಕಿಟಕಿಯ ಕೆಳಗೆ ಅಮ್ಮನ ಮಂಚ ಹಾಕಿದರು. ಅಮ್ಮನಿಗೆ ಆ ಕಿಟಕಿಯೆಂದರೆ ಪ್ರಾಣ.

ಹೋದ ಬೇಸಿಗೆಯಲ್ಲಿ ಅಮ್ಮ ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು: "ಈ ವಯಸ್ಸಲ್ಲಿ ಮೈಯ ಬಿಸಿ ತಾನಾಗೇ ಇಳಿಯಲ್ಲ. ಬೇಸಿಗೇಲಿ ಇವರನ್ನ ತಂಪಾಗಿಡಿ. ಇನ್ನೊಂದು ಸಲ ಹೀಗಾದ್ರೆ ನಾನೇನೂ ಹೇಳೋಕಾಗಲ್ಲ."

ಹೀಗೆ ಏಸಿಯ ಮಾತು ಬಂದದ್ದು. ಬಂದದ್ದು ಅಮ್ಮನಿಗಾಗಿ. ಇದನ್ನು ನೆನಪಿಟ್ಟುಕೊಳ್ಳಿ. ಭಾವ ಮರೆತದ್ದು ಇದನ್ನೇ.

ಗೋಡೆ ಕೊರೆದು ಕೂರಿಸುವ ಏಸಿಗೆ ಮನೆಯ ಮಾಲೀಕರು ಒಪ್ಪಲಿಲ್ಲ. ಹಾಗಾಗಿ ಕಿಟಕಿಯದೇ ಗತಿ. ಅಂಗಡಿಗೆ ಭಾವ, ಅಕ್ಕ, ನಾನು ಮೂವರೂ ಹೋದೆವು. ಅಂಗಡಿಯವನು ಮರ್ಯಾದೆಯಿಂದ ಹಾಲು ಎಷ್ಟು ದೊಡ್ಡದು ಎಂದು ಕೇಳಿದ.

"ದೊಡ್ಡದೇ ಇದೆ," ಎಂದರು ಭಾವ. "ಆದ್ರೆ ಅದರಲ್ಲಿ ಬೀರು ಕಳೀಬೇಕಲ್ಲ?"

"ಕಳೀಬೇಕಾ ಸಾರ್?"

"ಬೀರುಗೆ ಯಾಕ್ರೀ ತಂಪು? ಸೋಫಾ ಕಳೀರಿ, ಟೀವಿ ಸ್ಟ್ಯಾಂಡ್ ಕಳೀರಿ, ನಮ್ಮತ್ತೆ ಮಂಚದ ಜಾಗ ಕಳೀರಿ. ತೂಕ ಮಾಡೋವಾಗ ಪಾತ್ರೆ ತೂಕ ಕಳೆಯಲ್ವಾ, ಹಾಗೆ. ಉಳಿಯೋದೆಷ್ಟು? ಒಂದು ಗುಬ್ಬಿಗೂಡು."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಸೀಲಿಂಗ್ ನೋಡಿದೆ.

"ತಂಪಿಗೆ ಹಾಗೆಲ್ಲ ಲೆಕ್ಕ ಇಲ್ಲ ಸಾರ್. ನಿಮ್ಮ ಹಾಲಿಗೆ ಒಂದೂವರೆ ಟನ್ನೇ ಬೇಕು. ಮುಕ್ಕಾಲು ಟನ್ ಹಾಕಿದ್ರೆ ಅದು ಪಾಪ ದಿನವೆಲ್ಲ ಏದುಸಿರು ಬಿಡ್ತಾ ಇರುತ್ತೆ."

"ಮುಕ್ಕಾಲು ಟನ್ನೇ ಕೊಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮಿಕ್ಕಿದ್ದನ್ನ ನಾನು ಸುಧಾರಿಸ್ಕೋತೀನಿ."

ಸುಧಾರಿಸ್ಕೋತೀನಿ ಎಂಬ ಮಾತು ಕೇಳಿದ ಕೂಡಲೇ ಅಕ್ಕ ನನ್ನ ಕೈ ಚಿವುಟಿದಳು. ಬಚ್ಚಲ ಬಕೆಟ್ಟು ಅವಳಿಗೂ ನೆನಪಾಗಿರಬೇಕು.

ಏಸಿ ಕಿಟಕಿಯಲ್ಲಿ ಕೂತಿತು. ಅಮ್ಮನ ಮಂಚ ಅದರ ಕೆಳಗೇ ಇತ್ತು. ಮೊದಲ ದಿನ ಅಮ್ಮ ಸೆರಗು ಹೊದ್ದುಕೊಂಡು, "ಅಳಿಯಂದ್ರೇ, ಸ್ವರ್ಗ ಇದು" ಎಂದಳು. ಭಾವ ಸುಮ್ಮನಿರಬಹುದಿತ್ತು. ಅಲ್ಲಿಗೇ ಕತೆ ಮುಗಿಯುತ್ತಿತ್ತು, ನಾನು ಬರೆಯಬೇಕಾಗಿರಲಿಲ್ಲ. ಆದರೆ ಅವರು ತಾವು ಕೆಲಸ ಮಾಡುವ ತಕ್ಕಡಿ ಅಂಗಡಿಯಿಂದ ಒಂದು ಉಷ್ಣತೆ ತೋರಿಸುವ ಗಡಿಯಾರ ತಂದು ಎದುರು ಗೋಡೆಗೆ ನೇತುಹಾಕಿದರು. ದುಂಡಗಿನದು, ಮುಳ್ಳಿರುವುದು. ಹಿತವಾದ ತಂಪಿರುವ ಕಡೆ ಅದಕ್ಕೆ ಹಸಿರು ಬಣ್ಣ ಬಳಿದಿತ್ತು. ಮುಳ್ಳು ಹಸಿರಿನಿಂದ ದೂರ, ಮೇಲೆಯೇ ನಿಂತಿತ್ತು. ಸರಿಯಿಲ್ಲದ ಮುಳ್ಳನ್ನು ನೋಡಿದರೆ ತಕ್ಕಡಿ ಭಾವನಿಗೆ ಅನ್ನ ಸೇರುವುದಿಲ್ಲ.

ಮೊದಮೊದಲು ಮಾಡಿದ್ದೆಲ್ಲ ಒಳ್ಳೆಯದೇ. ಏಸಿ ಮತ್ತು ಚೌಕಟ್ಟಿನ ನಡುವಿನ ಸಂದಿಗೆ ಸ್ಪಂಜಿನ ಪಟ್ಟಿ ತುರುಕಿದರು. ನೀರು ಒಳಗೆ ತೊಟ್ಟಿಕ್ಕದೆ ಹೊರಗೆ ಹರಿಯಲಿ ಎಂದು ಹಿಂಭಾಗವನ್ನು ಒಂದಿಷ್ಟು ತಗ್ಗಿಸಿದರು. ಹೊರಗೆ ಬಿಸಿಲು ನೇರ ಬೀಳದಂತೆ ತಗಡಿನ ಮರೆ ಕಟ್ಟಿದರು, ಗಾಳಿಯಾಡಲು ಜಾಗ ಬಿಟ್ಟು. ಪ್ರತಿ ಭಾನುವಾರ ಜಾಲರಿ ಬಿಚ್ಚಿ ಮಗುವಿಗೆ ಎರೆದಂತೆ ತೊಳೆದರು. ಪ್ರತಿಯೊಂದಕ್ಕೂ ಮುಳ್ಳು ಒಂದು ಕೂದಲೆಳೆಯಷ್ಟು ಇಳಿಯಿತು. ಭಾವನ ಮುಖ ಅಷ್ಟೇ ಅರಳಿತು. ಬೀದಿಯಲ್ಲಿ ಯಾರು ಸಿಕ್ಕರೂ ಏಸಿಯದೇ ಪುರಾಣ. ಜನ ಅವರನ್ನು ಕಂಡರೆ ಎದುರಿನ ಕಡೆಗೆ ದಾಟತೊಡಗಿದರು.

ಆದರೂ ಮುಳ್ಳು ಹಸಿರು ಮುಟ್ಟಲಿಲ್ಲ. ಆಗ ಶೈತ್ಯಾಗಾರದ ಬಾಗಿಲಿಗೆ ಹಾಕುವಂಥ, ಆಚೆಯದೇನೂ ಕಾಣದ ದಪ್ಪ ಪ್ಲಾಸ್ಟಿಕ್ ಪರದೆಯನ್ನು ಎಲ್ಲಿಂದಲೋ ತಂದರು. ಹಾಲನ್ನು ಅಡ್ಡಕ್ಕೆ ಎರಡು ಮಾಡಿದರೆ, ಅರ್ಧಕ್ಕೆ ಮುಕ್ಕಾಲು ಟನ್ನು ಸಾಕಲ್ಲ! ಲೆಕ್ಕ ಸರಿಯಾಗಿತ್ತು. ಪರದೆ ಏರಿತು. ಮುಳ್ಳು ಜಾರಿತು, ಹಸಿರಿನ ಬಾಗಿಲಲ್ಲಿ ಬಂದು ನಿಂತಿತು.

ಆಮೇಲೆ ಅಡ್ಡ ಬಂದದ್ದು ಅಮ್ಮ. ವಯಸ್ಸಾದವಳು, ಮತ್ತೆ ಮತ್ತೆ ಬಚ್ಚಲಿಗೆ ಏಳುತ್ತಾಳೆ. ಎದ್ದಾಗಲೆಲ್ಲ ಪರದೆ ಸರಿಯುತ್ತದೆ, ಬಿಸಿ ನುಗ್ಗುತ್ತದೆ, ಮುಳ್ಳು ಏರುತ್ತದೆ. ಭಾವ ಒಂದು ದಿನ ತುಂಬ ಸಂಕೋಚದಿಂದಲೇ ಕೇಳಿದರಂತೆ: "ಅತ್ತೆ, ತಪ್ಪು ತಿಳ್ಕೋಬೇಡಿ. ಒಂದೆರಡು ದಿನ ನಿಮ್ಮ ಮಂಚ ಪರದೆ ಆಚೆ ಹಾಕ್ಲಾ? ಮುಳ್ಳು ಒಂದು ಸಲ ನಿಂತ್ಕೊಳ್ಲಿ, ಆಮೇಲೆ ಒಳಗೆ ಹಾಕ್ತೀನಿ."

"ಅಯ್ಯೋ, ಅದಕ್ಕೇನಂತೆ ಅಳಿಯಂದ್ರೇ, ಹಾಕಿ," ಎಂದಳು ಅಮ್ಮ. ಅಳಿಯನ ಮನೆಯಲ್ಲಿ ಕೂತು ಉಣ್ಣುವ ಅತ್ತೆ ಬೇರೇನು ಹೇಳಿಯಾಳು? ನನ್ನ ಮನೆಯಾಗಿದ್ದರೆ ನನ್ನ ಜನ್ಮ ಜಾಲಾಡುತ್ತಿದ್ದಳು. ಅಕ್ಕ ಕೇಳಿದ್ದಕ್ಕೆ, "ನೀನು ಸುಮ್ಮನಿರೆ, ಪಾಪ ಅವರು ನಂಗೋಸ್ಕರ ಅಷ್ಟೊಂದು ಒದ್ದಾಡ್ತಿದಾರೆ" ಎಂದು ಬಾಯಿ ಮುಚ್ಚಿಸಿದಳಂತೆ.

ಮಂಚ ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಹೋಯಿತು. ಅಲ್ಲಿ ಒಲೆಯ ಬಿಸಿ. ಮೊದಲಿದ್ದ ಕಿಟಕಿಯ ಗಾಳಿಯೂ ಈಗಿಲ್ಲ, ಅಲ್ಲಿ ಏಸಿ ಕೂತಿದೆಯಲ್ಲ. ಒಂದೆರಡು ದಿನ ಎಂದದ್ದು ವಾರಗಳಾದವು. ಭಾವನಿಗೆ ಪ್ರತಿ ದಿನವೂ ಇನ್ನೊಂದೇ ಒಂದು ಸುಧಾರಣೆ ಬಾಕಿ ಇರುತ್ತಿತ್ತು. ನಾನು ಆಗ ಆಸ್ಪತ್ರೆಯಲ್ಲಿ ಬೇರೆಯವರ ಪಾಳಿಯನ್ನೂ ಮಾಡುತ್ತಿದ್ದೆ, ಅತ್ತ ಹೋಗಿರಲೇ ಇಲ್ಲ. ಫೋನಿನಲ್ಲಿ ಅಮ್ಮ, "ಎಲ್ಲಾ ಚೆನ್ನಾಗಿದೆ" ಎನ್ನುತ್ತಿದ್ದಳು.

ಮುಳ್ಳು ಹಸಿರಿಗಿಳಿದ ಭಾನುವಾರ ಭಾವ ಎಲ್ಲರನ್ನೂ ಕರೆದರು. ನಾನು ಹೋಗುವಷ್ಟರಲ್ಲಿ ಅವರ ಅಂಗಡಿಯ ಯಜಮಾನರು, ಮಹಡಿ ಮನೆಯ ಅಜ್ಜಿ, ಅವರ ಮಗ, ಸೊಸೆ ಎಲ್ಲರೂ ಪರದೆಯ ಒಳಗೆ ಒತ್ತೊತ್ತಾಗಿ ಕೂತಿದ್ದರು. ಮುಂಬಾಗಿಲು ತೆರೆಯುವುದೇ ಆ ತಂಪಿನ ಅರ್ಧಕ್ಕೆ. ಭಾವ ನನ್ನನ್ನು ಒಳಗೆಳೆದುಕೊಂಡು, "ಬಾಗಿಲು ಹಾಕು ಬೇಗ, ಮುಳ್ಳು, ಮುಳ್ಳು!" ಎಂದರು.

ಭಾಷಣ ಶುರುವಾಗಿತ್ತು. ಸ್ಪಂಜಿನ ಪಟ್ಟಿ ಯಾವುದಿರಬೇಕು, ತಗಡು ಎಷ್ಟು ದೂರ ಇರಬೇಕು, ಪರದೆ ನೆಲಕ್ಕೆ ಹೇಗೆ ತಾಗಬೇಕು. ಯಜಮಾನರು ಎದ್ದು ಹೋಗಿ ಮುಳ್ಳು ನೋಡಿ, "ಶಹಬ್ಬಾಸ್" ಎಂದು ಭಾವನ ಬೆನ್ನು ತಟ್ಟಿದರು. ನನಗೂ ಹೊರಗಿನ ಬಿಸಿಲಿನಿಂದ ಬಂದವಳಿಗೆ ಆ ತಂಪು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಮಹಡಿ ಮನೆಯ ಅಜ್ಜಿ ಕೈ ಮುಗಿದಂತೆ ಮಾಡಿ ಹೇಳಿದರು: "ಅತ್ತೆಗೋಸ್ಕರ ಇಷ್ಟೆಲ್ಲ ಮಾಡೋ ಅಳಿಯ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕಪ್ಪ. ಎಲ್ಲಿ ಅವರು? ಕರೀರಿ, ಅವರ ಬಾಯಲ್ಲೇ ಕೇಳೋಣ."

"ಇಲ್ಲೇ ಇದಾರೆ," ಎಂದು ಭಾವ ನಗುನಗುತ್ತಲೇ ತಿರುಗಿ ಪರದೆ ಸರಿಸಿದರು.

ಅಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕತ್ತಿಗೆ ಒದ್ದೆ ಟವೆಲ್ಲು. ರವಿಕೆ ಬೆವರಿಗೆ ಅಂಟಿತ್ತು. ಕಣ್ಣು ಮುಚ್ಚಿ, ಕೈಯಲ್ಲಿದ್ದ ರಟ್ಟಿನಿಂದ ನಿಧಾನವಾಗಿ ಗಾಳಿ ಹಾಕಿಕೊಳ್ಳುತ್ತಿದ್ದಳು. ಅದು ಏಸಿ ಬಂದ ಪೆಟ್ಟಿಗೆಯದೇ ರಟ್ಟು, ಅದರ ಮೇಲೆ ಹಿಮದ ಬೆಟ್ಟದ ಚಿತ್ರವಿತ್ತು. ತಂಪು ಗಾಳಿ ಮೈಗೆ ತಾಗಿ ಕಣ್ಣು ಬಿಟ್ಟವಳು ನಮ್ಮನ್ನೆಲ್ಲ ನೋಡಿದಳು. ಥಟ್ಟನೆ ರಟ್ಟನ್ನು ದಿಂಬಿನ ಕೆಳಗೆ ತಳ್ಳಿ, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

"ತುಂಬಾ ತಂಪಾಗಿದೆ," ಎಂದಳು. "ನಮ್ಮ ಅಳಿಯಂದ್ರು ಮಾಡಿದ್ದು ಅಂದ್ರೆ ಕೇಳಬೇಕಾ?"

ಅಜ್ಜಿ ತಮ್ಮ ಸೊಸೆಯ ಕಡೆ ನೋಡಿದರು, ಸೊಸೆ ನೆಲ ನೋಡಿದಳು. ಯಜಮಾನರಿಗೆ ಇದ್ದಕ್ಕಿದ್ದಂತೆ ಯಾವುದೋ ಕೆಲಸ ನೆನಪಾಯಿತು. ನಾನು ಹೋಗಿ ಅಮ್ಮನ ಹಣೆ ಮುಟ್ಟಿದೆ, ಬೆಚ್ಚಗಿತ್ತು. ಬೈಯಲು ಬಾಯಿ ತೆರೆದು ಭಾವನ ಕಡೆ ತಿರುಗಿದರೆ ಅವರು ಇನ್ನೂ ಪರದೆ ಹಿಡಿದೇ ನಿಂತಿದ್ದರು. ಕಿವಿಯ ತನಕ ಕೆಂಪಾಗಿದ್ದರು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನುವ ಮುಖ ಹೇಗಿರುತ್ತದೆಂದು ಅವತ್ತು ನೋಡಿದೆ. ಬೈಯುವುದು ಬಿಟ್ಟು ಅಮ್ಮನ ಕತ್ತಿನ ಟವೆಲ್ಲು ಸರಿಮಾಡಿದೆ. ನನಗೂ ನಾಚಿಕೆಯಾಗಿತ್ತು. ಒಳಗೆ ಬಂದು ಇಷ್ಟು ಹೊತ್ತಾದರೂ ಅಮ್ಮ ಎಲ್ಲಿ ಎಂದು ನಾನೂ ಕೇಳಿರಲಿಲ್ಲ.

ಬಂದವರು ಒಬ್ಬೊಬ್ಬರಾಗಿ ಜಾರಿಕೊಂಡ ಮೇಲೆ ಭಾವ ಮಂಚ ಎತ್ತಲು ಬಾಗಿದರು. ದಿಂಬು ಸರಿದು ರಟ್ಟು ಕೆಳಗೆ ಬಿತ್ತು. ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅಂಚು ಹರಿಯದಿರಲೆಂದು ಅಮ್ಮ ಸುತ್ತ ಹಳೆ ಸೀರೆಯ ಪಟ್ಟಿ ಹಾಕಿ ಹೊಲಿದಿದ್ದಳು. ಹಿಡಿಯಲು ಸೌಟಿನ ಮುರಿದ ಹಿಡಿಕೆ ಸಿಕ್ಕಿಸಿ ದಾರ ಬಿಗಿದಿದ್ದಳು. ಒಂದು ದಿನದ ಕೆಲಸವಲ್ಲ. ಭಾವ ಒಳಗೆ ಏಸಿ ಸುಧಾರಿಸುತ್ತಿದ್ದಷ್ಟು ದಿನವೂ ಅಮ್ಮ ಹೊರಗೆ ತನ್ನ ಬೀಸಣಿಗೆ ಸುಧಾರಿಸಿಕೊಂಡಿದ್ದಳು.

"ಪಾತ್ರೆ ತೂಕ ಕಳೀತೀನಿ ಅಂದ್ಕೊಂಡು ಸಾಮಾನನ್ನೇ ಕಳೆದುಬಿಟ್ನಲ್ಲ ಅತ್ತೆ," ಎಂದರು.

"ಏನೋಪ್ಪ, ನಿಮ್ಮ ತಕ್ಕಡಿ ಮಾತು ನಂಗರ್ಥ ಆಗಲ್ಲ," ಎಂದಳು ಅಮ್ಮ. ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು.

ಸಂಜೆಯೊಳಗೆ ಪರದೆಯ ಜಾಗ ಬದಲಾಯಿತು. ಈಗ ಅದು ಅಮ್ಮನ ಮಂಚವನ್ನೂ ಏಸಿಯನ್ನೂ ಮಾತ್ರ ಸುತ್ತುವರಿದಿದೆ. ಅಷ್ಟು ಜಾಗಕ್ಕೆ ಮುಕ್ಕಾಲು ಟನ್ನು ಧಾರಾಳ. ಅಮ್ಮ ಎಷ್ಟು ಸಲ ಎದ್ದರೂ, ಎಷ್ಟು ಸಲ ಪರದೆ ಸರಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಸೋಫಾ, ಟೀವಿ, ಬೀರು, ಮನೆಯವರು ಎಲ್ಲ ಆಚೆ. ಮುಳ್ಳಿನ ಗಡಿಯಾರವಿದ್ದ ಕಡೆ ಬರೀ ಮೊಳೆ ಉಳಿದಿದೆ.

ಮುಂದಿನ ವಾರ ಹೋದಾಗ ಭಾವ ಆಚೆ ಸೋಫಾದ ಮೇಲೆ ಕೂತಿದ್ದರು. ಬನಿಯನ್ ಬೆವರಿಗೆ ತೊಯ್ದಿತ್ತು. ಕೈಯಲ್ಲಿ ಹಿಮದ ಬೆಟ್ಟದ ರಟ್ಟು. ಈಗೀಗ ಯಾರಾದರೂ ಏಸಿಯ ವಿಷಯ ತೆಗೆದರೆ ಎದ್ದು ನೀರು ಕುಡಿಯಲು ಹೋಗುತ್ತಾರೆ ಎಂದು ಅಕ್ಕ ಕಿವಿಯಲ್ಲಿ ಹೇಳಿದಳು. ಒಳಗಿನಿಂದ ಅಮ್ಮನ ದನಿ ಕೇಳಿತು.

"ಅಳಿಯಂದ್ರೇ, ಎಷ್ಟು ಸಲ ಕರೀಲಿ? ಬೇಯ್ತಾ ಇದೀರಲ್ಲ ಅಲ್ಲಿ. ಒಳಗೆ ಬಂದು ಕೂತ್ಕೊಳ್ಳಿ."

ಭಾವ ನನ್ನನ್ನು ನೋಡಿದರು. ರಟ್ಟನ್ನು ಸೋಫಾದ ದಿಂಬಿನ ಹಿಂದೆ ತಳ್ಳಿ, ಮುಖ ಒರೆಸಿಕೊಂಡರು.

"ಇಲ್ಲೇ ತುಂಬಾ ತಂಪಾಗಿದೆ ಅತ್ತೆ," ಎಂದರು.